ಗಿಣ್ಣಿಗೆ ಒಂದು ಬೆರಳು ಕೆಳಗೆ

ಯಲಿಯೂರಿನ ಶಶಿಧರನಿಗೆ ಗಡ್ಡ ಬಿಡುವ ಶೋಕಿ ಏನೂ ಇರಲಿಲ್ಲ. ಹೆಂಡತಿ ಅಮೃತ ಬಸುರಿ ಎಂದು ಗೊತ್ತಾದ ದಿನದಿಂದ ಅವನ ಅವ್ವ ಮಂಚಮ್ಮ ಅವನನ್ನು ಕಟಿಂಗ್ ಶಾಪಿನ ಮೆಟ್ಟಿಲು ಹತ್ತಗೊಡಲಿಲ್ಲ, ಅಷ್ಟೆ. ಬಸುರಿಯ ಗಂಡ ಗಡ್ಡ ತೆಗೆಸಬಾರದು, ಹೆಣಕ್ಕೆ ಹೆಗಲು ಕೊಡಬಾರದು, ಹಸಿರಿಗೆ ಕತ್ತಿ ಹಾಕಬಾರದು. ಎರಡು ಸಲ ಬಸಿರು ನಿಲ್ಲದೆ ಹೋದ ಮನೆಯಲ್ಲಿ ಈ ಮಾತಿಗೆ ಎದುರಾಡುವ ಗಂಡಸು ಎಲ್ಲಿದ್ದಾನೆ?

ಆದರೆ ತಮಾಷೆ ನೋಡಿ, ಅವನ ಕಸುಬೇ ಕುಯ್ಯುವುದು. ಸರ್ಕಾರದ ಕೃಷಿ ಕೇಂದ್ರ ವಿ.ಸಿ. ಫಾರಂನ ನರ್ಸರಿಯಲ್ಲಿ ಹನ್ನೊಂದು ವರ್ಷದಿಂದ ದಿನಗೂಲಿ. ಕಡ್ಡಿ ಕುಯ್ದು ಗಿಡ ಎಬ್ಬಿಸುವುದರಲ್ಲಿ ಎತ್ತಿದ ಕೈ.

"ಅಂಗಾದ್ರೆ ಕೆಲ್ಸಾನೂ ಬುಟ್ಬುಡ್ಲೇನವ್ವಾ?" ಎಂದು ಕೇಳಿದ್ದಕ್ಕೆ ಮಂಚಮ್ಮ ಒಂದು ಗಳಿಗೆ ಯೋಚಿಸಿ, "ಅದು ಸರ್ಕಾರದ್ ಕೆಲ್ಸ ಕಣ್ಲಾ. ಅದ್ರ ಪಾಪ ಸರ್ಕಾರಕ್ಕೆ. ಮನೇಲಿ ಮಾತ್ರ ಬ್ಲೇಡು ಮುಟ್ಟಬ್ಯಾಡ" ಎಂದು ತೀರ್ಪು ಕೊಟ್ಟಳು. ದೇವರಿಗೂ ಇಷ್ಟು ಸಲೀಸಾಗಿ ಕಾನೂನು ತಿರುಗಿಸಲು ಬರುವುದಿಲ್ಲ.

ಡಾಕ್ಟರು ಅಮೃತಳಿಗೆ ಮಂಚ ಬಿಟ್ಟು ಏಳಬೇಡ ಎಂದಿದ್ದರು. ರೂಮಿಗೆ ಇದ್ದುದು ಒಂದೇ ಕಿಟಕಿ, ಅದರಾಚೆ ಮಾರುದೂರದಲ್ಲಿ ಪಕ್ಕದ ಮನೆಯ ಗೋಡೆ. ಬೇಜಾರಿಗೆ ಇರಲಿ ಎಂದು ಶಶಿಧರ ಮಾನ್‌ಸ್ಟೆರಾ ಎಂಬ ಅಲಂಕಾರದ ಗಿಡವೊಂದನ್ನು ತಂದು ಮಂಚದ ಪಕ್ಕದಲ್ಲಿಟ್ಟ. ಬಲಿತರೆ ಮೊರದಗಲ ಎಲೆ, ಎಲೆಯ ತುಂಬ ಸೀಳು, ತೂತು. ಮೊಬೈಲಿನಲ್ಲಿ ಅದರ ಫೋಟೊ ನೋಡಿ ಅಮೃತ, "ಇಂಥದ್ದೊಂದ್ ಎಲೆ ಬರೋ ಒತ್ಗೆ ಮಗೂನೂ ಬಂದಿರ್ತದೆ ಕಣ್ರೀ" ಎಂದು ನಕ್ಕಳು. ಅವಳು ನಕ್ಕು ಎಷ್ಟೋ ದಿನವಾಗಿತ್ತು.

ಎಲೆ ಎಲ್ಲಿ ಬಂತು? ಬೆಳಕು ಸಾಲದೆ ಗಿಡ ಕಿಟಕಿಯ ಕಡೆ ಕತ್ತು ಚಾಚಿಕೊಂಡು ನರಪೇತಲನ ಹಾಗೆ ಉದ್ದುದ್ದ ಹೋಯಿತು. ಎಲೆಯಿಂದ ಎಲೆಗೆ ಒಂದು ಗೇಣು ಬರೀ ಕಾಂಡ, ತುದಿಯಲ್ಲಿ ವೀಳ್ಯದೆಲೆಯಷ್ಟು ಎಲೆ, ಸೀಳಿಲ್ಲ, ತೂತಿಲ್ಲ. ಕುಯ್ಯದೆ ಮಾಡಬಹುದಾದ್ದನ್ನೆಲ್ಲ ಶಶಿಧರ ಮಾಡಿದ. ತೆಂಗಿನ ನಾರು ಸುತ್ತಿದ ಕೋಲು ನೆಟ್ಟು ಕಟ್ಟಿದ. ಎಲೆಯ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ. ಕೆಲಸಕ್ಕೆ ಹೋಗುವ ಮೊದಲು ಕುಂಡವನ್ನು ಜಗಲಿಯ ಎಳೆಬಿಸಿಲಿಗೆ ಇಟ್ಟು ಹೋಗುತ್ತಿದ್ದ. ಸೊಸೆಗೆ ಬೇಜಾರಾದೀತೆಂದು ಹತ್ತು ಗಂಟೆಗೆಲ್ಲ ಮಂಚಮ್ಮ ಅದನ್ನು ಒಳಗೆ ತಂದಿಡುತ್ತಿದ್ದಳು. ಹೊಸ ಎಲೆ ಒಂದಿಷ್ಟು ಅಗಲವಾಯಿತು, ನಿಜ. ಆದರೆ ಸೊರಗಿದ ಕಾಂಡ ಅದನ್ನು ಹೊರಲಾರದೆ ಬಾಗಿತು. ತುದಿಯನ್ನು ಎಲೆ ಹುಟ್ಟುವ ಗಿಣ್ಣಿಗೆ ಒಂದು ಬೆರಳು ಕೆಳಗೆ ಕುಯ್ದು, ನೀರಿನಲ್ಲಿಟ್ಟು ಬೇರು ಬರಿಸಿ, ಹೊಸದಾಗಿ ನೆಡಬೇಕು. ಬೇರೆ ದಾರಿಯೇ ಇಲ್ಲ. ಅವನಿಗಿಂತ ಚೆನ್ನಾಗಿ ಇದು ಇನ್ಯಾರಿಗೆ ಗೊತ್ತು!

ನಾಲ್ಕನೇ ತಿಂಗಳಲ್ಲಿ ಒಂದು ಭಾನುವಾರ ಅವ್ವ ಗದ್ದೆಗೆ ಹೋದದ್ದು ನೋಡಿಕೊಂಡು ಬ್ಲೇಡು ತೆಗೆದ. "ಅವ್ವಂಗೆ ಏಳ್ಬ್ಯಾಡ. ಎಲ್ಡ್ ನಿಮ್ಸದ್ ಕೆಲ್ಸ."

ಅಮೃತ ಮಲಗಿದ್ದಲ್ಲಿಂದಲೇ ಅವನ ಮಣಿಕಟ್ಟು ಹಿಡಿದುಕೊಂಡಳು. "ಬ್ಯಾಡ ಕಣ್ರೀ."

"ಓದಿರೋಳು ನೀನೂ ಅವ್ವನ್ ಥರಾನೇ ಆಡ್ತೀಯಲ್ಲಮ್ಮಿ!"

"ನಂಗೂ ನಂಬ್ಕೆ ಇಲ್ಲ. ಆದ್ರೂ ಬ್ಯಾಡ. ನಾಳೆ ಏನಾರ ಆದ್ರೆ ನಾನು ಆ ಗಿಡಾನೇ ನೋಡ್ಕಂಡು ಮನಗಿರ್ಬೇಕು."

ಹಾಳಾದ್ದು, ಅವನಿಗೂ ನಂಬಿಕೆ ಇರಲಿಲ್ಲ, ಕುಯ್ಯುವ ಧೈರ್ಯವೂ ಇರಲಿಲ್ಲ. ಬ್ಲೇಡಿಗೆ ಕಾಗದ ಸುತ್ತಿ ಗೋಡೆಯ ಗೂಡಿನಲ್ಲಿಟ್ಟು, ಬಾಗಿದ ಗಿಡಕ್ಕೆ ಇನ್ನೊಂದು ದಾರ ಕಟ್ಟಿದ.

ಐದು ತಿಂಗಳು ತುಂಬುವ ಮೊದಲೇ ಒಂದು ಮಧ್ಯಾಹ್ನ ಫಾರಂಗೆ ಫೋನು ಬಂತು. ಅವನು ಮಂಡ್ಯದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಂಡುಮಗು ಎಂದು ನರ್ಸು ಹೇಳಿದಳು, ಯಾರೂ ಕೇಳದಿದ್ದರೂ. ಯಾರ ತಪ್ಪೂ ಇಲ್ಲ, ಕೆಲವು ಸಲ ಹೀಗಾಗುತ್ತದೆ ಎಂದು ಡಾಕ್ಟರು ಸಮಾಧಾನ ಮಾಡಿದರು.

ಮನೆಗೆ ಬಂದ ಮೂರನೇ ದಿನ ಮಂಚಮ್ಮ ಮಗನನ್ನು ಹಿತ್ತಲಿಗೆ ಕರೆದಳು. "ದಿಟ ಏಳ್ಲಾ ಮಗ. ಏನಾರ ಕುಯ್ದಾ?"

"ಇಲ್ಲ ಕಣವ್ವಾ."

"ಒಂದ್ ಕಡ್ಡಿ?"

"ನಿನ್ನಾಣೆಗೂ ಇಲ್ಲ."

ಮುದುಕಿ ಗೋಡೆಗೆ ಒರಗಿ ಹಾಗೇ ಕುಸಿದು ಕೂತಳು. ಕುಯ್ದೆ ಎಂದಿದ್ದರೆ ಬಾಯಿಗೆ ಬಂದ ಹಾಗೆ ಬೈದು, ಎದೆ ಬಡಿದುಕೊಂಡು, ಊರಿಗೆಲ್ಲ ಕೇಳುವಂತೆ ಅತ್ತು ಹಗುರಾಗುತ್ತಿದ್ದಳು. ಈಗ ಯಾರನ್ನು ಬೈಯುವುದು? ಸುಳ್ಳಾದರೂ ಹೇಳಬಾರದಿತ್ತೇ ಎಂದುಕೊಂಡ ಶಶಿಧರ.

ಒಳಗೆ ಅಮೃತ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಿರುಗದೆಯೇ ಅಂದಳು: "ಇನ್ನೇನು. ಈಗ ಕುಯ್ರಿ."

ಬೇಡ ಎನ್ನಲು ಅವನ ಬಳಿ ಯಾವ ಕಾರಣವೂ ಉಳಿದಿರಲಿಲ್ಲ. ಬ್ಲೇಡು ತಂದ. ಗಿಣ್ಣು ನೋಡಿಕೊಂಡು ಒಂದೇ ಎಳೆತಕ್ಕೆ ಕುಯ್ದ. ಫಾರಂನಲ್ಲಿ ದಿನಾ ಕುಯ್ಯುವ ಹಾಗೇ ಕುಯ್ದೆನಲ್ಲ ಎಂದೇ ಅವನಿಗೆ ಅಳು ಒತ್ತರಿಸಿಕೊಂಡು ಬಂತು. ಕುಯ್ದ ತುದಿಯನ್ನು ನೀರಿನ ಬಾಟಲಿಗೆ ಇಳಿಬಿಟ್ಟ. ಅಮೃತ ಈ ಕಡೆ ಹೊರಳಿ ಅದನ್ನೇ ನೋಡಿದಳು.

"ಉಳೀತದಾ?"

ಉಳಿಯುತ್ತದೆ. ಅವನಿಗೆ ಚೆನ್ನಾಗಿ ಗೊತ್ತಿತ್ತು. ಗಿಣ್ಣಿನಲ್ಲಿ ಬೇರಿನ ಮೊಳಕೆ ಆಗಲೇ ಬಿಳಿದಾಗಿ ಕಾಣುತ್ತಿತ್ತು. ಆದರೂ ಆ ಒಂದು ಮಾತನ್ನು ಅವಳ ಮುಖ ನೋಡಿ ಹೇಳಲು ಅವನಿಗೆ ಬಾಯಿ ಬರಲಿಲ್ಲ.