ಮೊಲಗಳ ಬಲಗಿವಿ

ಎಪ್ಪತ್ತರ ದಶಕದಲ್ಲಿ, ಜಾನುವಾರು ಲಸಿಕೆಗಳನ್ನು ಪರೀಕ್ಷಿಸಿ ಪಾಸು ಮಾಡುವುದನ್ನು ಕಲಿಯಲೆಂದು ಇಲಾಖೆ ನನ್ನನ್ನು ಕಾಶಿಗೆ ಕಳಿಸಿತು. ಕಂಟೋನ್ಮೆಂಟಿನ ಪ್ರಯೋಗಾಲಯದಲ್ಲಿ ತರಬೇತಿ, ಭೇಲೂಪುರದಲ್ಲಿ ಬಾಡಿಗೆ ಕೋಣೆ. ದನಗಳ ಗಂಟಲುಬೇನೆಯ ಲಸಿಕೆಯನ್ನು ಕೆಲವು ಮೊಲಗಳಿಗೆ ಹಾಕಿ, ಕೆಲವಕ್ಕೆ ಹಾಕದೆ, ಆಮೇಲೆ ಎಲ್ಲಕ್ಕೂ ರೋಗಾಣು ಚುಚ್ಚುತ್ತಿದ್ದೆವು. ಹಾಕಿದವು ಬದುಕಬೇಕು, ಹಾಕದವು ಸಾಯಬೇಕು. ಅವು ಸಾಯದಿದ್ದರೆ ಪರೀಕ್ಷೆಯೇ ಸುಳ್ಳು, ಲಸಿಕೆ ಹೊರಗೆ ಹೋಗುವಂತಿಲ್ಲ. ಸಾವಿಗೆ ಕಾಯುವ ಕೆಲಸ, ಅದೂ ಕಾಶಿಯಲ್ಲಿ!

ಪಕ್ಕದ ಕೋಣೆಯಲ್ಲಿದ್ದ ಧಾರವಾಡದ ಕಡೆಯ ವಿಧವೆ ಅಜ್ಜಿಯೂ ಸಾಯಲೆಂದೇ ಬಂದಿದ್ದಳು. ಕಾಶಿಯಲ್ಲಿ ಸಾಯುವ ಪ್ರತಿ ಜೀವದ ಬಲಗಿವಿಯಲ್ಲಿ ಶಿವ ಮಂತ್ರ ಹೇಳುತ್ತಾನಂತೆ; ಅದಕ್ಕೇ ನಾಯಿ ಬೆಕ್ಕುಗಳೂ ಆ ಕಿವಿ ಮೇಲೆ ಮಾಡಿ ಸಾಯುತ್ತವಂತೆ. ಅಜ್ಜಿಯ ಬಲಗಿವಿಯೋ ಚಿಕ್ಕಂದಿನಿಂದಲೇ ಕಿವುಡು.

"ಅವಾ ಹೇಳಿದ್ದು ನನಗ ಕೇಳಿಸದಿದ್ರ? ಇಷ್ಟು ದೂರ ಬಂದದ್ದು ನೀರಾಗ ಹೋಮ ಮಾಡಿಧಂಗ ಆತಲ್ಲೋ ತಮ್ಮಾ," ಎಂದು ಕಣ್ಣೀರು ಹಾಕುತ್ತಿದ್ದಳು. "ನಿನ್ನ ಮೊಲಾ ಹ್ಯಾಂಗ ಸಾಯ್ತಾವ ನೋಡಿ ಹೇಳು. ಒಂದರ ಎಡಗಿವಿ ಮ್ಯಾಲ ಮಾಡಿದ್ರ ನನಗ ಧೈರ್ಯ."

ನನ್ನ ಗ್ರಹಚಾರ, ನೋಡಿದೆ. ಒಂದೊಂದೂ ಎಡ ಮಗ್ಗಲಿಗೆ ಬಿದ್ದು, ಬಲಗಿವಿ ಮೇಲೆ ಮಾಡಿಯೇ ಸತ್ತಿತ್ತು. ಕಾಕತಾಳೀಯ ಎಂದುಕೊಂಡೆ. ಮುಂದಿನ ಬ್ಯಾಚೂ ಹಾಗೇ. ಅಜ್ಜಿಗೆ ಏನೆಂದು ಹೇಳಲಿ? ಒಂದು ದಿನ, ಕೊನೆಯುಸಿರು ಎಳೆಯುತ್ತಿದ್ದ ಮೊಲವನ್ನು ಮೆಲ್ಲಗೆ ಬಲ ಮಗ್ಗಲಿಗೆ ಹೊರಳಿಸಿದೆ. ಕಾಲಾಡಿಸಲೂ ತ್ರಾಣವಿಲ್ಲದ ಪ್ರಾಣಿ ತಾನಾಗಿ ಮತ್ತೆ ಎಡಕ್ಕೇ ಹೊರಳಿತು.

"ಹಾಥ್ ಮತ್ ಲಗಾಯಿಯೇ!" ಮುಟ್ಟಬೇಡಿ ಎಂದು ಹಿಂದಿನಿಂದ ನಮ್ಮ ತರಬೇತುದಾರರು ಗದರಿದರು. ಪರೀಕ್ಷೆಗಿಟ್ಟ ಪ್ರಾಣಿಯ ಸಾವಿಗೆ ಕೈ ಹಾಕಬಾರದು ಎಂಬುದು ಅಲ್ಲಿನ ಮೊದಲ ನಿಯಮ. ಸಂಜೆ ಅಜ್ಜಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅವಳು ಅವತ್ತು ಊಟ ಬಿಟ್ಟಳು.

ಚಳಿಗಾಲದಲ್ಲಿ ಹಾಸಿಗೆ ಹಿಡಿದಳು. ಮಾತು ನಿಂತ ಮೇಲೆ ಅಲ್ಲೇ ಹತ್ತಿರದ ಮಠದವರು ಬಂದು, ಪದ್ಧತಿಯಂತೆ ಎಡ ಮಗ್ಗಲಿಗೆ ಮಲಗಿಸಿ ಹೋದರು. ಕೇಳಿಸುವ ಒಂದೇ ಕಿವಿ ದಿಂಬಿನಲ್ಲಿ ಹೂತುಹೋಗಿತ್ತು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಮಟಮಟ ಮಧ್ಯಾಹ್ನ. ಕೋಣೆಯಲ್ಲಿ ನಾವಿಬ್ಬರೇ. ನಾನು ತುಟಿ ಬಿಚ್ಚಿರಲಿಲ್ಲ. ಇದ್ದಕ್ಕಿದ್ದ ಹಾಗೆ ಅಜ್ಜಿ ಹುಬ್ಬು ಗಂಟಿಕ್ಕಿ ರೇಗಿದಳು.

"ಹಿಂಗ ಪಿಸುಗುಟ್ಟಿದ್ರ ಹ್ಯಾಂಗ ಕೇಳಬೇಕೋ? ಜರಾ ಜೋರಾಗಿ ಹೇಳು."

ನಾನು ಉಸಿರು ಬಿಗಿಹಿಡಿದೆ. ಅವಳ ಹುಬ್ಬು ನಿಧಾನವಾಗಿ ಸಡಿಲಾಯಿತು.

"ಹೂಂ," ಅಂದಳು. "ಈಗ ಕೇಳಿಸ್ತು."