ದಾರ ಕಟ್ಟಿದ ಬೋರ್ಡು

ಕಂಪ್ಯೂಟರ್ ಅಂಗಡಿಯ ಚೀಟಿಯ ಮೇಲೆ ನೀಲಿ ಪೆನ್ನಿನಲ್ಲಿ ಎರಡೇ ಪದ ಗೀಚಿತ್ತು: ‘ಬೋರ್ಡ್ ವೇಸ್ಟ್’. ಸುಗ್ರಾಬಿ ಅದನ್ನು ಎರಡೆರಡು ಸಲ ಓದಿದಳು. ಮೈಯೆಲ್ಲ ಉರಿದುಹೋಯಿತು. ಹದಿನಾಲ್ಕು ವರ್ಷ ತನಗೆ ಅನ್ನ ಹಾಕಿದ್ದನ್ನು ವೇಸ್ಟ್ ಅನ್ನೋಕೆ ಆ ಅಂಗಡಿಯವನ್ಯಾರು? ಅವಳ ಸಿಟ್ಟು ಅತಿಯಾಯಿತು ಅನ್ನುವವರು ಮೊದಲು ನಡೆದದ್ದನ್ನು ಪೂರ್ತಿ ಕೇಳಲಿ.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಎಂಬ್ರಾಯ್ಡರಿ ಸುಗ್ರಾಬಿ ಅಂದರೆ ಆಟೋದವರೂ ಮನೆ ತೋರಿಸುತ್ತಾರೆ. ಓದಿದ್ದು ಏಳನೇ ಕ್ಲಾಸು. ತಾಯಿ ಬೀಬಿಜಾನ್ ಕೈಯಲ್ಲಿ ಜರಿ ಕೆಲಸ ಮಾಡಿ ಮಾಡಿ ಕಣ್ಣು ಕಳೆದುಕೊಂಡದ್ದನ್ನು ನೋಡಿದ್ದವಳು, ತನಗೆ ಆ ಗತಿ ಬರಬಾರದೆಂದು ಹಟ ಹಿಡಿದು, ಬಾಗಿಲು ಮುಚ್ಚಿದ ಒಂದು ಗಾರ್ಮೆಂಟ್ಸಿನಿಂದ ಎಂಬ್ರಾಯ್ಡರಿ ಮೆಷಿನ್ನನ್ನೂ ಅದರ ಜೊತೆಗಿದ್ದ ಕಂಪ್ಯೂಟರನ್ನೂ ಮನೆಗೆ ತಂದಳು. ಕಲಿಸುವವರು ಯಾರೂ ಇರಲಿಲ್ಲ. ಮೌಸು ಹಿಡಿಯಲು ಬಾರದವಳು ಆರು ತಿಂಗಳಲ್ಲಿ ಬೀಬಿಜಾನಳ ಮಾವಿನಕಾಯಿ ಬುಟ್ಟಾವನ್ನು ಕಂಪ್ಯೂಟರಿನಲ್ಲಿ ಬರೆದು, ಮೆಷಿನ್ನಿನಿಂದ ಹೊಲಿಸಿ ತಾಯಿಯ ಕೈಗಿಟ್ಟಳು. ಮುದುಕಿ ಬೆರಳಲ್ಲಿ ಸವರಿ, ‘ಇದು ನಂದೇ ಐತೆ’ ಅಂದಿದ್ದಳು. ಆಮೇಲೆ ಸುಗ್ರಾಬಿ ಯಾರ ಸರ್ಟಿಫಿಕೇಟನ್ನೂ ಕೇಳಲಿಲ್ಲ.

ಅವಳದೊಂದು ಪದ್ಧತಿ ಇತ್ತು. ಕಂಪ್ಯೂಟರಿನ ಡಬ್ಬಿ ಬಿಚ್ಚಿ ಧೂಳು ತೆಗೆಯುವಾಗ ಯಾವ ವೈರು ಎಲ್ಲಿಗೆ ಎಂಬುದು ಮರೆಯಬಾರದೆಂದು ಎಲ್ಲಕ್ಕೂ ರೇಷ್ಮೆ ದಾರದ ಗಂಟು ಹಾಕಿದ್ದಳು. ಡಿಸ್ಕಿನ ವೈರಿಗೆ ಕೆಂಪು, ಫ್ಯಾನಿಗೆ ಹಸಿರು. ಹಿಂಬದಿಯ ಒಂಬತ್ತು ಪಿನ್ನಿನ ಕಿಂಡಿಗೆ ಮಾತ್ರ ಜರಿ ದಾರ, ಯಾಕೆಂದರೆ ಮೆಷಿನ್ನಿನ ಕೇಬಲ್ಲು ಕೂರುವುದು ಅಲ್ಲಿ. ಈಗಿನ ಕಂಪ್ಯೂಟರುಗಳ ಮದರ್‌ಬೋರ್ಡುಗಳಲ್ಲಿ ಆ ಕಿಂಡಿ ಸಿಗುವುದು ಕಷ್ಟ. ಅದರ ಬದಲು ಯುಎಸ್‌ಬಿಗೆ ಸಿಕ್ಕಿಸುವ ಕೇಬಲ್ಲನ್ನೂ ಒಮ್ಮೆ ತಂದು ನೋಡಿದ್ದಳು. ಹೂವಿನ ನಡುವೆಯೇ ಸೂಜಿ ದಾರಿ ತಪ್ಪಿ ಒಂದು ರೇಷ್ಮೆ ಸೆರಗು ಹಾಳಾಯಿತು. ಅಲ್ಲಿಗೆ ಲೆಕ್ಕ ಸ್ಪಷ್ಟ: ಆ ಹಳೇ ಬೋರ್ಡು ಇದ್ದರೆ ಮೆಷಿನ್ನು, ಮೆಷಿನ್ನಿದ್ದರೆ ಮನೆ.

ಈ ವರ್ಷ ಹಾರ್ಡ್ ಡಿಸ್ಕು ಟಕ್ ಟಕ್ ಅನ್ನಲು ಶುರುಮಾಡಿತು. ಬೆಳಿಗ್ಗೆ ಸ್ವಿಚ್ ಒತ್ತಿ ನಾಲ್ಕು ರೊಟ್ಟಿ ಬೇಯಿಸಿ ಬಂದರೂ ಕಂಪ್ಯೂಟರು ಇನ್ನೂ ಎದ್ದಿರುತ್ತಿರಲಿಲ್ಲ. ಕೊನೆಗೆ ಗಿರಾಕಿ ನೀಲಕ್ಕನ ಮಗಳ ಮದುವೆ ರವಿಕೆಯ ಮೇಲೆ ಅರ್ಧ ನವಿಲು ಮೂಡಿದ ಹೊತ್ತಿಗೆ ಎಲ್ಲವೂ ನಿಂತುಬಿಟ್ಟಿತು. ಬಟ್ಟೆಯನ್ನು ಫ್ರೇಮಿನಿಂದ ಬಿಚ್ಚಿದರೆ ಮತ್ತೆ ಅದೇ ಜಾಗಕ್ಕೆ ಕೂರುವುದಿಲ್ಲ. ಮದುವೆ ಬರುವ ಭಾನುವಾರ. ಡಿಸ್ಕು ತೆಗೆದು ಅದರ ಬದಲು ಈಗಿನ ಕಾಲದ ವೇಗದ ಎಸ್‌ಎಸ್‌ಡಿ ಹಾಕಿಸಿದರೆ ಸರಿಹೋಗುತ್ತದೆ ಎಂದು ನಾಲ್ಕು ಜನ ಹೇಳಿದ್ದರಿಂದ ಅವಳು ಪೇಟೆಗೆ ಹೋದಳು.

ಅಂಗಡಿಯವನ ಹೆಸರು ರೇವಂತ್. ಯಾವ ಬೋರ್ಡು, ಎಷ್ಟು ಹಳೇದು, ಅದರಲ್ಲಿ ಏನೇನು ಕೂರುತ್ತದೆ, ಒಂದೇ ಒಂದು ಮಾತು ಕೇಳಲಿಲ್ಲ ಆ ಪುಣ್ಯಾತ್ಮ. ಬೆರಳುದ್ದದ ತೆಳ್ಳನೆಯ ಕಡ್ಡಿಯೊಂದನ್ನು ಕೊಟ್ಟು, “ಎನ್‌ವಿಎಂಇ ಎಸ್‌ಎಸ್‌ಡಿ ಆಂಟಿ, ಇದೇ ಫಾಸ್ಟು,” ಅಂದ. ಮನೆಗೆ ಬಂದು ಡಬ್ಬಿ ಬಿಚ್ಚಿದರೆ ಬೋರ್ಡಿನಲ್ಲಿ ಆ ಕಡ್ಡಿ ಕೂರುವ ಜಾಗವೇ ಇಲ್ಲ. ಮರುದಿನ ಕಡ್ಡಿಯ ಜೊತೆ ಡಬ್ಬಿಯನ್ನೇ ಆಟೋದಲ್ಲಿ ಹೊತ್ತುಕೊಂಡು ಹೋದಳು.

“ಬಿಟ್ಟು ಹೋಗ್ರಿ, ನಾಳೆ ರೆಡಿ ಮಾಡ್ತೀನಿ.”

“ಇಲ್ಲಿ ನೋಡಪ್ಪ, ಈ ಕಿಂಡಿಗೆ ಜರಿ ದಾರ ಕಟ್ಟೀನಿ. ಇದು ಹೋದ್ರೆ ನನ್ನ ಮೆಷಿನ್ ಹೋದಂಗೆ. ಇದನ್ನ ಮುಟ್ಟಬ್ಯಾಡ.”

“ಆಯ್ತು ಆಂಟಿ,” ಅಂದ, ಮೊಬೈಲಿನಿಂದ ತಲೆ ಎತ್ತದೆ.

ಮರುದಿನ ಅವನು ಕೊಟ್ಟದ್ದು ಆ ಚೀಟಿ ಮತ್ತು ಅದೇ ಡಬ್ಬಿ. ಒಳಗಿದ್ದದ್ದು ಮಾತ್ರ ಬೇರೆ ಬೋರ್ಡು. ಸುಗ್ರಾಬಿ ಡಬ್ಬಿಯನ್ನು ತಿರುಗಿಸಿ ಹಿಂಬದಿ ನೋಡಿದಳು. ಕಿಂಡಿ ಇಲ್ಲ, ಜರಿ ದಾರವೂ ಇಲ್ಲ.

“ನನ್ನ ಬೋರ್ಡ್ ಎಲ್ಲಿ?”

“ಆ ಕಡ್ಡಿ ಅದ್ರಾಗೆ ಕೂರಲ್ಲ ಆಂಟಿ, ಅದಕ್ಕೆ ಬೋರ್ಡೇ ಚೇಂಜ್ ಮಾಡಿದ್ವಿ. ಹಳೇದು ಬೆಳಿಗ್ಗೆ ಹರಿಹರದ ಗುಜರಿಗೆ ಹೋಯ್ತು.”

“ನಾನು ಹೇಳಿದ್ನಾ ಚೇಂಜ್ ಮಾಡು ಅಂತ?”

“ಆ ಪೋರ್ಟ್ ಈಗ ಯಾರೂ ಯೂಸ್ ಮಾಡಲ್ರಿ. ಮನೇಲಿ ಗಂಡಸ್ರು ಇದ್ರೆ ಕಳಿಸ್ರಿ, ಅವ್ರಿಗೆ ಬಿಡಿಸಿ ಹೇಳ್ತೀನಿ.”

ಕಾಲಿಗೆ ತಕ್ಕ ಚಪ್ಪಲಿ ಕೊಡಲಾಗದವನು ಚಪ್ಪಲಿಗೆ ತಕ್ಕಂತೆ ಕಾಲನ್ನೇ ಬದಲಿಸಿದ ಹಾಗಾಗಿತ್ತು ಇದು. ಅದರ ಮೇಲೆ ಗಂಡಸರನ್ನು ಬೇರೆ ಕಳಿಸಬೇಕಂತೆ. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಬದುಕಿದ್ದಾಗಲೂ ಆ ಮನುಷ್ಯ ಕಂಪ್ಯೂಟರಿನ ಸ್ವಿಚ್ಚು ಮುಟ್ಟಲು ಹೆದರುತ್ತಿದ್ದ. ಇದನ್ನೆಲ್ಲ ಇವನಿಗೆ ಹೇಳಿ ಏನು ಪ್ರಯೋಜನ? ಸುಗ್ರಾಬಿ ಗುಜರಿಯ ವಿಳಾಸ ಕೇಳಿಕೊಂಡು, ಡಬ್ಬಿಯನ್ನು ಅಲ್ಲೇ ಬಿಟ್ಟು, ಹರಿಹರದ ಬಸ್ಸು ಹತ್ತಿದಳು.

ಬಸ್ಸು ದಾರಿಯ ಬಾತಿ ಊರು ದಾಟುವವರೆಗೂ ಅವಳು ಮನಸ್ಸಿನಲ್ಲೇ ರೇವಂತನಿಗೆ ಮಂಗಳಾರತಿ ಎತ್ತುತ್ತಿದ್ದಳು. ಆಮೇಲೆ ಸಿಟ್ಟಿನ ಜಾಗದಲ್ಲಿ ಹೆದರಿಕೆ ಬಂದು ಕೂತಿತು. ಗುಜರಿಯಲ್ಲಿ ಬೋರ್ಡುಗಳನ್ನು ಸುತ್ತಿಗೆಯಿಂದ ಒಡೆದು ತಾಮ್ರ ಬೇರೆ, ಅಲ್ಯೂಮಿನಿಯಂ ಬೇರೆ ಮಾಡುತ್ತಾರೆಂದು ಅವಳಿಗೆ ಗೊತ್ತಿತ್ತು.

ಹರಿಹರದ ರೈಲ್ವೆ ಸ್ಟೇಷನ್ನಿನ ಆಚೆ ಬಡೇಸಾಬರ ಗುಜರಿ. ಎಪ್ಪತ್ತು ದಾಟಿದ ಮನುಷ್ಯ, ಬಿಳಿ ಗಡ್ಡ, ಎದುರಿಗೆ ಒಡೆದ ಬೋರ್ಡುಗಳ ಮೂರು ಚೀಲ. ಸುಗ್ರಾಬಿ ಆ ಚೀಲಗಳ ಕಡೆ ಬೆರಳು ತೋರಿಸಿದಳು.

“ಚಾಚಾ, ಬೆಳಿಗ್ಗೆ ದಾವಣಗೆರೆಯಿಂದ ಬಂದ ಮಾಲು ಇದೇ ಏನ್ರಿ?”

“ಹೌದು ಬೇಟಿ, ಎಲ್ಲಾ ಒಡೆದಾಯ್ತು.”

ಅವಳು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ಬಾಯಿಂದ ಒಂದೇ ಮಾತು ಹೊರಟಿತು. “ಅದಕ್ಕೆ ಜರಿ ದಾರ ಕಟ್ಟಿದ್ದೆ.”

ಮುದುಕರು ಅವಳ ಮುಖವನ್ನು ದಿಟ್ಟಿಸಿ ನೋಡಿದರು. ಒಳಗೆ ಹೋದರು. ಗೋಡೆಯ ಮೇಲುಗಡೆಯ ಗೂಡಿನಿಂದ ಪೇಪರಿನಲ್ಲಿ ಸುತ್ತಿದ್ದ ಒಂದು ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಫ್ಯಾನಿಗೆ ಹಸಿರು, ಇನ್ನೂ ಜೋತಾಡುತ್ತಿದ್ದ ವೈರಿಗೆ ಕೆಂಪು, ಕಿಂಡಿಗೆ ಜರಿ.

“ಇದನ್ನ ಮಾತ್ರ ಒಡೀಲಿಲ್ಲ. ಯಾರೋ ದರ್ಗಾದಾಗೆ ಹರಕೆ ಮಾಡಿ ದಾರ ಕಟ್ಟ್ಯಾರೆ ಅನ್ಕೊಂಡೆ. ಮಂದಿ ಹರಕೆ ಮ್ಯಾಲೆ ಸುತ್ತಿಗೆ ಹಾಕೋದು ಹೆಂಗೆ?”

ಸುಗ್ರಾಬಿಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಹರಕೆಯಲ್ಲ, ವೈರಿನ ಗುರುತು ಎಂದು ಅವಳು ಹೇಳಲಿಲ್ಲ. ಹೇಳಬೇಕು ಅನ್ನಿಸಲೂ ಇಲ್ಲ. ಅಷ್ಟು ದೊಡ್ಡ ಅಂಗಡಿಯವನಿಗೆ ಬಾಯಿಬಿಟ್ಟು ಹೇಳಿದರೂ ಕೇಳಿಸದ್ದನ್ನು ಈ ಗುಜರಿಯ ಮುದುಕರು ಬರೀ ದಾರ ನೋಡಿ ಗೌರವಿಸಿದ್ದರು.

ಅವಳು ಕಡ್ಡಿಯ ಕಥೆ ಹೇಳಿದಾಗ ಬಡೇಸಾಬರು ತಲೆ ಅಲ್ಲಾಡಿಸಿದರು. ಸಾವಿರಾರು ಬೋರ್ಡು ಬಿಚ್ಚಿದ ಕೈ ಅದು.

“ಆ ಕಡ್ಡಿ ಇದಕ್ಕೆ ಕಚ್ಚಲ್ಲ ಬೇಟಿ. ಬೇರೆ ಕಾರ್ಡ್ ಹಾಕಿ ಕಚ್ಚಿಸಿದ್ರೂ ಇಷ್ಟು ಹಳೇ ಬೋರ್ಡು ಅದ್ರಿಂದ ಚಾಲೂ ಆಗಲ್ಲ. ನಿನಗೆ ಬೇಕಾಗಿರೋದು ಚಪ್ಪಟೆ ಡಬ್ಬಿ ಥರದ ಎಸ್‌ಎಸ್‌ಡಿ, ಸಾಟಾ ಅಂತಾರೆ. ಈ ಕೆಂಪು ದಾರದ ವೈರೇ ಅದಕ್ಕೂ ಹತ್ತತೈತೆ. ಪೂರ್ತಿ ಸ್ಪೀಡ್ ಸಿಗಲ್ಲ. ಆದ್ರೂ ನಿನ್ನ ಹಳೇ ಡಿಸ್ಕ್‌ಗಿಂತ ಎಷ್ಟೋ ವಾಸಿ.”

ಮರುದಿನ ಬಾಗಿಲು ತೆರೆಯುವ ಹೊತ್ತಿಗೇ ಸುಗ್ರಾಬಿ ರೇವಂತನ ಕೌಂಟರಿನ ಮುಂದೆ ನಿಂತಿದ್ದಳು. ಗಿರಾಕಿಗಳು ನಾಲ್ಕೈದು ಜನ ಇದ್ದರು. ಬೋರ್ಡನ್ನು ಗಾಜಿನ ಮೇಲಿಟ್ಟಳು.

“ನಿನ್ನ ಹೊಸ ಬೋರ್ಡ್ ನೀನೇ ಇಟ್ಕೊ. ಆ ಕಡ್ಡಿನೂ ತಗೊ. ಇದನ್ನ ಮೊದಲಿದ್ದಂಗೆ ಕೂರ್ಸಿ ಸಾಟಾ ಎಸ್‌ಎಸ್‌ಡಿ ಹಾಕು.”

“ಕಡ್ಡಿ ಪ್ಯಾಕೆಟ್ಟಿನ ಸೀಲ್ ಒಡೆದೈತಲ್ಲ ಆಂಟಿ, ವಾಪಸ್ ಬರಲ್ಲ. ಅದೂ ಅಲ್ದೆ ಇದು ಹಳೇ ಸಾಟಾ, ಇದ್ರಾಗೆ ಎಸ್‌ಎಸ್‌ಡಿ ಓಡೋದೇ ಇಲ್ಲ.”

“ಓಡ್ತೈತೆ. ನಿಧಾನ ಓಡ್ತೈತೆ, ನನಗೆ ಅಷ್ಟೇ ಸಾಕು. ಸೀಲ್ ಒಡೆದಿದ್ದು ನಾನು, ಒಪ್ಕೊಂತೀನಿ. ನನ್ನ ಡಬ್ಬಿ ಒಡೆದಿದ್ದು ಯಾರು? ಕೇಳದೆ ಒಳಗಿದ್ದಿದ್ದನ್ನ ಮಾರಿದ್ದು ಯಾರು?” ದನಿ ಏರಿಸಲಿಲ್ಲ. ಗಿರಾಕಿಗಳ ಕಡೆ ತಿರುಗಿ, “ನೀವೂ ಡಬ್ಬಿ ಬಿಟ್ಟು ಹೋಗಂಗಿದ್ರೆ ಒಳಗೆ ಏನೇನೈತೆ ಅಂತ ಬರೆದಿಟ್ಕೊಳ್ರಿ,” ಅಂದಳು.

ಕಡ್ಡಿ ವಾಪಸ್ಸಾಯಿತು. ಸಾಟಾ ಬಂತು. ಕೂತ್ಕೊಳ್ರಿ ಅಂದರೂ ಅವಳು ಕೂರಲಿಲ್ಲ, ಹಳೇ ಡಿಸ್ಕಿನಲ್ಲಿದ್ದದ್ದೆಲ್ಲ ಹೊಸದಕ್ಕೆ ಇಳಿಯುವವರೆಗೆ ಮಧ್ಯಾಹ್ನದ ತನಕ ನಿಂತೇ ಇದ್ದಳು. ಯಾವ ವೈರು ಎಲ್ಲಿಗೆ ಎಂದು ರೇವಂತನಿಗೆ ಗೊಂದಲವಾಗಲಿಲ್ಲ. ದಾರ ಇತ್ತಲ್ಲ.

ಶನಿವಾರ ಸಂಜೆಯೊಳಗೆ ಉಳಿದರ್ಧ ನವಿಲು ಮೂಡಿ, ರವಿಕೆ ನೀಲಕ್ಕನ ಮನೆ ಸೇರಿತು. ಆದರೆ ಸುಗ್ರಾಬಿಯ ಸಿಟ್ಟು ಇನ್ನೂ ಆರಿರಲಿಲ್ಲ. ಆ ಚೀಟಿಯನ್ನು ಎದುರಿಗಿಟ್ಟುಕೊಂಡು, ಸೊಟ್ಟ ಅಕ್ಷರಗಳ ಒಂದೊಂದು ಗೆರೆಯನ್ನೂ ಕಂಪ್ಯೂಟರಿಗೆ ಇಳಿಸಿ, ಬಿಳಿ ಬಟ್ಟೆಯ ಮೇಲೆ ನೀಲಿ ದಾರದಲ್ಲಿ ಹೊಲಿಸಿದಳು. ಕೆಳಗೆ ಜರಿಯಲ್ಲಿ ಇನ್ನೊಂದೇ ಪದ ಸೇರಿಸಿದಳು. ಸೋಮವಾರ ಹೋಗಿ ಕೌಂಟರಿನ ಮೇಲೆ ಹಾಸಿದಳು.

‘ಬೋರ್ಡ್ ವೇಸ್ಟ್ ಅಲ್ಲ’.

ರೇವಂತ್ ಬಗ್ಗಿ ನೋಡಿದ. ಅಕ್ಷರದ ಮೇಲೆ ಬೆರಳಾಡಿಸಿದ. “ಸೇಮ್ ನನ್ನ ಕೈಬರಹ. ಇಷ್ಟು ನೀಟಾಗಿ ಯಾವ ಮೆಷಿನ್‌ನಾಗೆ ಮಾಡ್ಸಿದ್ರಿ ಆಂಟಿ?”

“ವೇಸ್ಟ್‌ನಾಗೆ,” ಅಂದಳು ಸುಗ್ರಾಬಿ.