ಬಾಯಿ ಬಿಡದೆ ಬಂದ 'ಆತು'

ನಂಬದವರು ನನ್ನ ಬಲಗೈಯ ಉಂಗುರದ ಬೆರಳು ನೋಡಬಹುದು. ತುದಿ ಇಲ್ಲ. ಇದು ಯಾರೋ ಹೇಳಿ ನಾನು ಕೇಳಿಸಿಕೊಂಡ ಕಥೆಯಲ್ಲ. ದೆವ್ವ-ಗಿವ್ವ ಎಂದವರನ್ನು ಕಂಡರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವನು ನಾನು. ಈಗ ನಗುವುದಿಲ್ಲ, ಅಷ್ಟೇ.

ತದಡಿ ಬಂದರಿನಲ್ಲಿ ಮೀನಿನ ಬೋಟುಗಳ ಡೀಸೆಲ್ ಎಂಜಿನ್ ರಿಪೇರಿ ನನ್ನ ಕಸುಬು. ಎಂಜಿನ್ನಿನ ಜೀವ ಇರುವುದು ಬೇರಿಂಗಿನಲ್ಲಿ. ಅದು ಸವೆದದ್ದು ಗೊತ್ತಾಗದೆ ಹೊರಟರೆ ನಡುಸಮುದ್ರದಲ್ಲಿ ಎಂಜಿನ್ ಜಾಮ್ ಆಗಿ ನಿಲ್ಲುತ್ತದೆ, ಆಮೇಲೆ ಗಾಳಿ ತಳ್ಳಿದ ಕಡೆಗೆ ಪ್ರಯಾಣ. ಹಾಗಾಗಿ ಎಂಜಿನ್ನಿನ ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡುತ್ತೇವೆ. ಹೊಳೆಯುವ ಪುಡಿ ಕಂಡರೆ ಪಕ್ಕದ ಮುಚ್ಚಳ ಬಿಚ್ಚಿ ಒಳಗೆ ಕೈ ಹಾಕಲೇಬೇಕು.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಕೆಳಗೆ ಮಲಗಿ ಬೇರಿಂಗು ಸವರಿ ನೋಡುತ್ತಾನೆ. ಇನ್ನೊಬ್ಬ ಎಂಜಿನ್ನಿನ ಆಚೆ ತುದಿಯಲ್ಲಿ ನಿಂತು ಕಬ್ಬಿಣದ ಹಾರೆಯಿಂದ ಚಕ್ರ ತಿರುಗಿಸುತ್ತಾನೆ. ಚಕ್ರ ತಿರುಗಿದರೆ ಒಳಗಿನದೂ ತಿರುಗುತ್ತದೆ, ನಡುವೆ ಬೆರಳಿದ್ದರೆ ಹೋಯಿತು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಕೆಳಗಿನವ ಕೈ ಹೊರಗೆ ತೆಗೆದು "ಆತು" ಎನ್ನಬೇಕು, ಆಮೇಲೆಯೇ ಚಕ್ರ. ನಮ್ಮ ಕಡೆ ಊಟಕ್ಕೂ ಆತು, ಮದುವೆಗೂ ಆತು, ಸತ್ತರೂ ಆತು. ಆದರೆ ಕೈ ಒಳಗಿರುವಾಗ ಮಾತ್ರ ಆ ಶಬ್ದ ಬಾಯಿಂದ ಬರಬಾರದು. ಬೋಟು ಕಟ್ಟುವ ಕಟ್ಟೆಗೆ ನಾವು ಧಕ್ಕೆ ಎನ್ನುತ್ತೇವೆ, ಧಕ್ಕೆಯ ಕಾನೂನು ಅದು.

ಕುಮಟೆಗೆ ರೈಲು ಬಂದ ಹೊಸತು. ನಾನೂ ನನ್ನ ಜೊತೆಗಾರ ಗಣಪುವೂ ಒಂದು ಬೋಟಿನ ಎಂಜಿನ್ ಬಿಚ್ಚಿದ್ದೆವು. ಅವನು ಕೆಳಗೆ, ನಾನು ಚಕ್ರದ ಹತ್ತಿರ. ಮೂರನೇ ಬೇರಿಂಗು. "ಆತು" ಎಂದು ಗಣಪುವಿನ ದನಿ ಬಂತು. ಹಾರೆ ಒತ್ತಿದೆ...

ಅವನ ಮೂರು ಬೆರಳು ಹೋದವು.

ಆಸ್ಪತ್ರೆಗೆ ಹೋಗುವ ಟೆಂಪೋದಲ್ಲಿ ಉದ್ದಕ್ಕೂ ಅವನದು ಒಂದೇ ಮಾತು. "ನಾ ಆತು ಅನ್ಲೇ ಇಲ್ಲ ಮಾರಾಯಾ... ಅನ್ಲೇ ಇಲ್ಲ."

ನಾನು ಕೇಳಿದ್ದು ಕೇಳಿದ್ದೇ. ಧಕ್ಕೆಯ ಗುಡಿಯ ಮುಂದೆ ಎಲ್ಲರೆದುರು ಆಣೆ ಮಾಡಿ ಹೇಳಿದೆ. ಜನ ನನ್ನನ್ನು ನಂಬಿದರು. ಕೈ ಒಳಗಿಟ್ಟುಕೊಂಡು ಆತು ಅಂದವ ಎಂದು ಅವನಿಗೆ ಹೆಸರು ಬಿತ್ತು. ಮತ್ತೆ ಯಾರೂ ಅವನನ್ನು ಎಂಜಿನ್ನಿನ ಹತ್ತಿರ ಸೇರಿಸಲಿಲ್ಲ. ಅಂಥ ಕೈಗುಣದ ಮೆಕ್ಯಾನಿಕ್ ಕರ್ಕಿಯಲ್ಲಿ ಗೂಡಂಗಡಿ ಇಟ್ಟು ಬಾಳೆಹಣ್ಣು ಮಾರಿದ. ನಮ್ಮಿಬ್ಬರಿಗೂ ಮಾತು ಬಿಟ್ಟುಹೋಯಿತು.

ಏಳೆಂಟು ವರ್ಷದ ಮೇಲೆ ಅದೇ ಬೋಟು ನನ್ನ ಹತ್ತಿರ ಬಂತು. ಈಗ ಅದನ್ನು ನಡೆಸುತ್ತಿದ್ದವನು ದಾಮು ತಾಂಡೇಲ. ಮಳೆಗಾಲದ ರಜೆ ಮುಗಿದು ನಸುಕಿಗೆ ಮೊದಲ ಸಲ ಕಡಲಿಗೆ ಇಳಿಯಬೇಕು, ಹಿಂದಿನ ಸಂಜೆ ನೋಡಿದರೆ ಎಣ್ಣೆಯಲ್ಲಿ ಹೊಳಪು. ಆರು ಜನ ಹೋಗುವ ಬೋಟು. ಇಲ್ಲ ಎನ್ನಲಾಗಲಿಲ್ಲ.

ಕತ್ತಲಾಗಿತ್ತು. ಧಕ್ಕೆಯಲ್ಲಿ ಕರೆಂಟಿರಲಿಲ್ಲ. ಎಂಜಿನ್ ಕೋಣೆಯಲ್ಲಿ ಸುಟ್ಟ ಎಣ್ಣೆ, ತಳದಲ್ಲಿ ನಿಂತ ಕೊಳೆನೀರು, ಹಳೇ ಮೀನು ಎಲ್ಲ ಸೇರಿ ಮೂಗಿಗೆ ಅಡರುತ್ತಿತ್ತು. ಹೊರಗೆ ಹಲಗೆಗೆ ನೀರು ಬಡಿಯುವ ಸದ್ದು... ಪಟ್... ಪಟ್...

ದಾಮುವನ್ನು ಚಕ್ರದ ಹತ್ತಿರ ನಿಲ್ಲಿಸಿದೆ. "ನಾ ಆತು ಅಂದ್ ಮೇಲೇ ತಿರುಗ್ಸು. ಅಲ್ಲೀವರೆಗೆ ಹಂದಬೇಡ."

"ಗೊತ್ತದ್ಯೋ ಮಾರಾಯಾ. ಇದೇ ಎಂಜಿನ್ ಅಲ್ವಾ ಗಣಪುನ ಬೆರಳು ತಿಂದದ್ದು?"

ಸಿಟ್ಟು ಬಂತು. ಮುಚ್ಚಳ ಬಿಚ್ಚಿ ಕೆಳಗೆ ಮಲಗಿದೆ.

ಮೊದಲನೆಯದು ಸರಿ ಇತ್ತು. ಎರಡನೆಯದೂ ಸರಿ. ಮೂರನೆಯದಕ್ಕೆ ಎರಡೂ ಕೈ ಬೇಕಾಯಿತು, ಪೆನ್ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡೆ. ಬೇರಿಂಗಿನ ಮೈಮೇಲೆ ಉಗುರಿಗೆ ಸಿಗುವಂಥ ಗೀರು ಇತ್ತು. ಬೆರಳನ್ನು ಇನ್ನೂ ಒಳಗೆ ತೂರಿಸಿದೆ.

ಆಗ ನೀರಿನ ಸದ್ದು ನಿಂತಿತು.

ನನ್ನ ಎಡಗಿವಿಯ ಪಕ್ಕ ಬೆಚ್ಚಗೆ ಉಸಿರು ತಾಗಿತು. "ಆತು..."

ನನ್ನದೇ ದನಿ!

ಕೈ ಎಳೆದುಕೊಂಡೆ. ಅರ್ಧ ಕ್ಷಣ ತಡವಾಯಿತು. ಚಕ್ರ ತಿರುಗಿತು, ಒಳಗೆ ಏನೋ ಕಟಕ್ ಎಂದಿತು, ಕಿರುಚಿದಾಗಲೇ ಟಾರ್ಚು ಬಾಯಿಂದ ಬಿದ್ದದ್ದು.

"ಎಂತಕ್ಕೆ ತಿರುಗ್ಸ್ದ್ಯೋ!"

ದಾಮು ಹಾರೆ ಬಿಟ್ಟು ಓಡಿ ಬಂದ. "ನೀನೇ ಆತು ಅಂದ್ಯಲ್ಲೋ... ನಿಂದೇ ದನಿ... ದೇವ್ರಾಣೆ..."

ಟಾರ್ಚು ಕಚ್ಚಿಕೊಂಡ ಬಾಯಿಂದ ಆತು ಎನ್ನಲು ಬರುತ್ತದೆಯೇ? ನೀವೇ ಪೆನ್ನು ಕಚ್ಚಿಕೊಂಡು ನೋಡಿ. ಆ ಟಾರ್ಚಿನ ಮೇಲೆ ನನ್ನ ಹಲ್ಲಿನ ಗುರುತು ಈಗಲೂ ಇದೆ.

ಆ ರಾತ್ರಿ ಬೆರಳಿನ ನೋವಿಗಿಂತ ಗಣಪುವಿನ ಮಾತೇ ಹೆಚ್ಚು ಕೊರೆಯಿತು. ಅನ್ಲೇ ಇಲ್ಲ, ಅನ್ಲೇ ಇಲ್ಲ. ನನ್ನ ಆಣೆಯಿಂದ ಒಬ್ಬನ ಬಾಳು ಹಾಳಾಗಿತ್ತು.

ಹೊಲಿಗೆ ಬಿಚ್ಚಿದ ದಿನ ಕರ್ಕಿಗೆ ಹೋದೆ. ಹಾಡುಹಗಲು, ರಣಬಿಸಿಲು. ಗಣಪು ಅಂಗಡಿಯಲ್ಲಿ ಒಬ್ಬನೇ ಇದ್ದ. ನನ್ನ ಬೆರಳು ನೋಡಿದ, ಎಲ್ಲ ಕೇಳಿಸಿಕೊಂಡ. ತಗ್ಗಿದ ದನಿಯಲ್ಲಿ ಹೇಳಿದ. "ನಂಗೂ ಕೇಳಿತ್ತೋ. ಕಿವಿ ಹತ್ರ. ನಂದೇ ದನಿ. ಹೇಳಿದ್ರೆ ಯಾರ್ ನಂಬ್ತಿದ್ರು? ನೀನೇ ನಂಬ್ಲಿಲ್ಲ."

ನನಗೆ ಅವನ ಕಾಲು ಹಿಡಿಯಬೇಕು ಎನ್ನಿಸಿತು. ತಪ್ಪಾತು ಎನ್ನಬೇಕು. ಅದನ್ನು ಹೇಳಲೆಂದೇ ಅಷ್ಟು ದೂರ ಬಂದಿದ್ದೆ. ಆದರೆ ಆ ಮಾತಿನ ಬಾಲದಲ್ಲೂ ಅದೇ ಶಬ್ದ... ಅದನ್ನು ಬಾಯಿಂದ ಬಿಡಲು ಹೆದರಿಕೆಯಾಯಿತು. ತುಟಿ ಕಚ್ಚಿಕೊಂಡು ನಿಂತೆ.

ಎಡಗಿವಿಯ ಪಕ್ಕ ಬೆಚ್ಚಗಾಯಿತು.

"ತಪ್ಪಾತು ಗಣಪು."

ಗಣಪುವಿನ ಕಣ್ಣು ತುಂಬಿತು. "ಇರ್ಲಿ ಬಿಡು ಮಾರಾಯಾ. ಈಗಾದ್ರೂ ಅಂದ್ಯಲ್ಲ, ಸಾಕು" ಎಂದು ಎರಡೇ ಬೆರಳಿದ್ದ ಆ ಕೈಯಿಂದ ನನ್ನ ಕೈ ಹಿಡಿದುಕೊಂಡ.

ನಾನು ಬಾಯಿ ಬಿಟ್ಟಿರಲಿಲ್ಲ. ಹಾಗೆಂದು ಅವನಿಗೆ ಹೇಳುವ ಧೈರ್ಯವೂ ಬರಲಿಲ್ಲ. ಮರುವರ್ಷ ಗಣಪು ಜ್ವರದಿಂದ ತೀರಿಕೊಂಡ.

ಅವನಿಗೆ ತಪ್ಪಾತು ಅಂದವನು ನಾನಲ್ಲ.